ಕಾಲಂ ಇಲ್ಲದ ಕೆಲಸ

ಬೀದರ್ ಜಿಲ್ಲೆಯ ಮುಡಬಿಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹಿರಿಯಾಕೆ ತನ್ನ ಚೀಲ ಸುರುವಿಕೊಂಡು ಕೂತಿದ್ದಾಳೆ. ಪೆನ್ನು ಸಿಗುತ್ತಿಲ್ಲ. ಥರ್ಮಾಮೀಟರ್, ಕೂಸುಗಳ ತೋಳಿನ ಸುತ್ತಳತೆ ನೋಡುವ ಹಸಿರು-ಹಳದಿ-ಕೆಂಪು ಪಟ್ಟಿ, ಓಆರ್‌ಎಸ್ ಪುಡಿಯ ನಾಲ್ಕು ಪಾಕೀಟು, ಕಬ್ಬಿಣಾಂಶದ ಮಾತ್ರೆ, ಮಡಚುವ ಛತ್ರಿ, ಎಲೆ-ಅಡಿಕೆಯ ಚಂಚಿ, ಮೂಲೆ ಮುದುಡಿದ ಎರಡು ಬುಕ್ಕು ಹೊರಬಿದ್ದವು. ಒಂದು ಬುಕ್ಕಿನ ಮೇಲೆ ಇಲಾಖೆಯ ಮುದ್ರೆ. ಇನ್ನೊಂದು ಮಗನ ಹಳೆಯ ಗಣಿತದ ಬುಕ್ಕು.

ಪಕ್ಕದಲ್ಲಿ ಕೂತ ಕಿರಿಯಾಕೆಯ ಕೈಯಲ್ಲಿ ಒಂದು ಕಾಗದ, ಮಡಿಕೆ ಬೀಳದಂತೆ ಪ್ಲಾಸ್ಟಿಕ್ ಹಾಳೆಯೊಳಗೆ. ಕಲಬುರಗಿಯಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿ ಬಂದ ನಾಲ್ಕು ತಿಂಗಳಿಗೆ ಸಿಕ್ಕ ಮೊದಲ ಕರೆ ಅದು. ಹನ್ನೊಂದು ತಿಂಗಳ ಗುತ್ತಿಗೆ. ‘ಸಂಕಷ್ಟದಲ್ಲಿರುವ ಕುಟುಂಬಗಳನ್ನು ಗುರುತಿಸಿ ಭೇಟಿ ನೀಡುವುದು’ ಎಂದು ಕೆಲಸದ ವಿವರ ಬರೆದಿದ್ದಾರೆ.

“ಮೌಶಿ, ಇದಕ ಹೋಗ್ಲೋ ಬ್ಯಾಡೋ ಹೇಳ್ರಿ.”

“ನಂಗ್ಯಾಕ ಕೇಳ್ತಿ ತಂಗಿ? ನಾ ಓದಿದ್ದು ಹತ್ತನೇತ್ತ. ನೀ ಹದಿನೇಳು ಓದೀದಿ.”

“ಓದಿದ ಲೆಕ್ಕ ಬಿಡ್ರಿ. ನೀವು ಹದಿನೇಳು ವರ್ಷ ಮಾಡೀರಿ.”

“ನಂದು ಇದಲ್ಲವಾ. ನಂದು ಬಸುರಿ, ಬಾಣಂತಿ, ಕೂಸಿನ ಸೂಜಿ.”

ಇದು ಅರ್ಧ ಮಾತ್ರ ನಿಜ. ಹಿರಿಯಾಕೆ ಆಶಾ ಕಾರ್ಯಕರ್ತೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಸಾವಿರ ಜನಕ್ಕೊಬ್ಬಳಂತೆ ಆಶಾ ಇರಬೇಕು ಎಂದು ಗೊತ್ತುಮಾಡಿದರು. ಅದೇ ಊರಿನ ಹೆಂಗಸಾಗಬೇಕು, 25ರಿಂದ 45ರೊಳಗಿನವಳಾಗಬೇಕು. ಮದುವೆಯಾದವಳೋ ವಿಧವೆಯೋ ಗಂಡನಿಂದ ದೂರಾದವಳೋ ಆದರೆ ಮೇಲು, ಯಾಕೆಂದರೆ ಮದುವೆಯಾಗದ ಹುಡುಗಿ ನಾಳೆ ಬೇರೆ ಊರಿನ ಸೊಸೆ. ಓದಿಗಿಂತ ಮೊದಲು ನೋಡಿದ್ದು ಊರಲ್ಲೇ ಉಳಿಯುವವಳೋ ಅಲ್ಲವೋ ಎಂಬುದನ್ನು. ಕರ್ನಾಟಕದಲ್ಲಿ ಇಂಥವರು ಸುಮಾರು 42 ಸಾವಿರ. ಇಲಾಖೆ ಅವರಿಗೆ ತಾಯಿ-ಮಗುವಿನ ಕೆಲಸ ಕೊಟ್ಟಿತು. ಊರು ಉಳಿದದ್ದನ್ನೆಲ್ಲ ಕೊಟ್ಟಿತು. ಯಾರದೋ ಮನೆಯ ಗಂಡಸು ಎರಡು ದಿನ ಹೊಲಕ್ಕೆ ಹೋಗದೆ ಗೋಡೆಗೆ ಮುಖ ಮಾಡಿ ಮಲಗಿದರೆ, ತಾಂಡಾದಲ್ಲಿ ಹದಿನೈದರ ಹುಡುಗಿಗೆ ಅರಿಸಿಣ ಹಚ್ಚುವ ಸುದ್ದಿ ಬಂದರೆ, ಪುಣೆಗೆ ದುಡಿಯಲು ಹೋದ ಮಗ ವಾರದಿಂದ ಫೋನು ಎತ್ತದಿದ್ದರೆ, ಜನ ಮೊದಲು ಬಡಿಯುವುದು ಆಕೆಯ ಮನೆಯ ಬಾಗಿಲು.

ಕಿರಿಯಾಕೆ ಗಣಿತದ ಬುಕ್ಕು ತೆರೆದು ನೋಡಿದಳು. ಹಿಂದಿನ ಖಾಲಿ ಹಾಳೆಗಳಲ್ಲಿ ಪೆನ್ಸಿಲಿನಲ್ಲಿ ಬರೆದ ಸಾಲುಗಳು. ಒಂದು ಹೆಸರೂ ಇಲ್ಲ. ‘ಬೇವಿನ ಗಿಡದ ಮನಿ’, ‘ನೀಲಿ ಬಾಗಿಲು’, ‘ಗಿರಣಿ ಹಿಂದಿಂದು’, ‘ಎರಡು ಎಮ್ಮಿ’. ಕೆಲವದರ ಮುಂದೆ ಒಂದು ಸಣ್ಣ ಸೊನ್ನೆ.

“ಈ ಸೊನ್ನಿ ಏನ್ರಿ?”

“ಅವರ ಮನ್ಯಾಗ ನೀರು ಕುಡದೀನಿ ಅಂತ.”

“ಅದನ್ಯಾಕ ಬರಕೋಬೇಕು?”

“ಛಲೋ ದಿನದಾಗ ನೀರು ಕುಡದ ಮನಿ ಕೆಟ್ಟ ದಿನದಾಗ ಬಾಗಿಲಾ ತೆಗೀತದ. ಇಲ್ದಿದ್ರ ‘ಏನಿಲ್ರಿ, ಎಲ್ಲಾ ಆರಾಮ ಅದೀವ್ರಿ’ ಅಂತಾರ. ಒಳಗ ಒಲಿ ಹತ್ತಿರೂದಿಲ್ಲ.”

ಇಲಾಖೆಯ ಬುಕ್ಕಿನಲ್ಲಿ ಎಷ್ಟು ಹೆರಿಗೆ, ಎಷ್ಟು ಲಸಿಕೆ, ಎಷ್ಟು ಕಫದ ಮಾದರಿ ಎಂದು ಕಾಲಂಗಳಿವೆ. ಸುಮ್ಮನೆ ಹೋಗಿ ನೀರು ಕುಡಿದು ಬಂದದ್ದಕ್ಕೆ ಕಾಲಂ ಇಲ್ಲ, ಕಾಸೂ ಇಲ್ಲ. ನೀರಿನ ಲೆಕ್ಕ ಕೇಳಿದಷ್ಟು ಹಗುರವೂ ಅಲ್ಲ. “ಎಲ್ಲರ ಮನಿ ನೀರು ಕುಡದ್ರ, ಕೆಲವ್ರ ಮನ್ಯಾಗ ನೀರು ಸಿಗೂದು ಬಂದ್ ಆತದ,” ಅಂದಳು ಹಿರಿಯಾಕೆ. ಜಾತಿ ಬೇಡವೆಂದ ಬಸವಣ್ಣನ ಕಲ್ಯಾಣ ಇರುವ ತಾಲೂಕಿನಲ್ಲಿ ಕೂತು ಆಡಿದ ಮಾತಿದು. ಆಕೆ ಮೊದಲ ವರ್ಷವೇ ಲೆಕ್ಕ ಹಾಕಿ, ಎರಡು ಗಲ್ಲಿಯ ತಂಬಿಗೆ ಕಳೆದುಕೊಂಡು ಐದು ಗಲ್ಲಿಯದ್ದು ಗಳಿಸಿದಳಂತೆ.

“ಈ ಕಾಗದದಾಗ ‘ಸಂಕಷ್ಟ’ ಅಂತ ಅದಲ್ರಿ. ಯಾವಾಗ ಸಂಕಷ್ಟ ಅನ್ಬೇಕು?”

“ಹೋದ ಮಳಿಗಿ ನೋಡಿದೆಲ್ಲ.”

2025ರ ಆಗಸ್ಟ್-ಸೆಪ್ಟೆಂಬರಿನ ಮಳೆ ಬೀದರ್, ಕಲಬುರಗಿ ಜಿಲ್ಲೆಗಳಲ್ಲಿ ಉದ್ದು, ಹೆಸರು, ಸೋಯಾ, ತೊಗರಿ ಯಾವುದನ್ನೂ ಬಿಡಲಿಲ್ಲ. ಎರೆ ಹೊಲಗಳಲ್ಲಿ ನೀರು ನಿಂತು ಬೆಳೆ ನಿಂತಲ್ಲೇ ಕೊಳೆಯಿತು. ಬೆಳೆ ಸಮೀಕ್ಷೆಗೆ ಬಂದವರು ಎಕರೆ ಬರೆದುಕೊಂಡರು. ಆಕೆ ಮನೆ ಬರೆದುಕೊಂಡಳು: ಯಾರು ಬ್ಯಾಂಕಿನದ್ದಲ್ಲದೆ ಅಂಗಡಿಯವನ ಸಾಲವನ್ನೂ ಮಾಡಿದ್ದಾರೆ, ಯಾರ ಮನೆಯಲ್ಲಿ ಈ ವರ್ಷ ಲಗ್ನ ಗೊತ್ತಾಗಿದೆ, ಯಾರು ಮಂದಿಯ ನಡುವೆ ಕೂರುವುದನ್ನು ಬಿಟ್ಟಿದ್ದಾರೆ.

“ಸಾಲ ಎಲ್ಲಾರಿಗೂ ಅದ. ಸಾಲ ನೋಡಬ್ಯಾಡ. ದಿನಾ ಕಟ್ಟಿಗಿ ಬರಾಂವ ಬರೂದು ಬಿಟ್ಟಾನೇನು, ಅದನ್ನ ನೋಡು.”

ಈ ಮಾತಿಗೆ ಬೀದರ್ ಜಿಲ್ಲೆಯಲ್ಲಿ ಹಳೆಯ ಬೇರಿದೆ. ಕರ್ನಾಟಕದಲ್ಲಿ ರೈತರ ಆತ್ಮಹತ್ಯೆಯ ಸುದ್ದಿ ಮೊದಮೊದಲು ಗುಂಪಾಗಿ ಬಂದದ್ದು 1998ರ ಸುಮಾರಿಗೆ, ಇಲ್ಲಿನ ತೊಗರಿ ಬೆಳೆಗಾರರಿಂದ. ಮಳೆ ತಪ್ಪಿ ಬಂದು, ಹುಳು ಬಿದ್ದು, ಬೆಳೆ ಕೈಬಿಟ್ಟ ಹಂಗಾಮು ಅದು. ಸಮಾಜ ಮಾನವಶಾಸ್ತ್ರಜ್ಞೆ ಎ.ಆರ್. ವಾಸವಿ ಬೀದರಿನ ಹಳ್ಳಿಗಳಿಗೆ ಹೋಗಿ ನೋಡಿ 1999ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದರು, ಮಾರುಕಟ್ಟೆ, ಸರಕಾರ, ಆತ್ಮಹತ್ಯೆ ಮೂರೂ ಶೀರ್ಷಿಕೆಯಲ್ಲೇ ಇದ್ದವು. ಆಮೇಲೆ ರಾಜ್ಯ ಸರಕಾರ ಜಿ.ಕೆ. ವೀರೇಶ್ ಅವರ ಸಮಿತಿ ಮಾಡಿತು. ಸಮಿತಿ, ಪರಿಹಾರ, ಬಡ್ಡಿ ಮನ್ನಾ ಎಲ್ಲ ಬಂದವು. ಆದರೆ ಪರಿಹಾರದ ಹಣ ಸಾವಾದ ಮನೆಗೆ ಬರುತ್ತದೆ. ಅದಕ್ಕಿಂತ ಮೂರು ವಾರ ಮೊದಲು, ಆ ಮನುಷ್ಯ ಚಾ ಕುಡಿಯುವುದನ್ನು ಬಿಟ್ಟ ದಿನ, ಮನೆಗೆ ಹೋಗಿ ಕೂರಲು ಒಬ್ಬರನ್ನು ಕಳಿಸುವ ಖರ್ಚಿನ ಬಾಬತ್ತು ಯಾವ ತಲೆಬರಹದಡಿಯೂ ಸಿಗುವುದಿಲ್ಲ.

“ಹೋಗಿ ಏನ್ ಮಾತಾಡ್ತೀರಿ ಮೌಶಿ? ನಮಗ ಕಾಲೇಜಿನಾಗ ಮೂರು ಕಲಿಸ್ಯಾರ. ನೋಡು, ಆಲಿಸು, ಜೋಡಿಸು. ವಿಶ್ವ ಆರೋಗ್ಯ ಸಂಸ್ಥೆ 2011ರಾಗ ಹೇಳಿದ್ದು. ಮಾನಸಿಕ ಪ್ರಥಮ ಚಿಕಿತ್ಸೆ ಅಂತ.”

“ಛಲೋ ಅದ. ಆದ್ರ ನೀ ಹೋದಕೂಡ್ಲೇ ‘ಹ್ಯಾಂಗಿದೀರಿ ಕಾಕಾ, ಮನಸಿಗಿ ಬೇಜಾರೇನು’ ಅಂದಿ ಅಂದ್ರ ಮುಗೀತು. ನಾ ಎತ್ತಿಂದು ಕೇಳ್ತೀನಿ. ಎಡಗಡಿ ಎತ್ತು ಕುಂಟ್ತಿತ್ತಲ್ಲ, ಈಗ ಹ್ಯಾಂಗದ? ಎತ್ತಿನ ಮಾತು ಎಲ್ಲಾರೂ ಆಡ್ತಾರ. ಎತ್ತು, ಆಮ್ಯಾಗ ಹೊಲ, ಆಮ್ಯಾಗ ಸಾಲ, ಆಮ್ಯಾಗ ನಿದ್ದಿ. ನಿದ್ದಿ ತನಕ ಬಂದ್ನಂದ್ರ ದಾರಿಗಿ ಬಂದಾಂಗ.”

“ನಿದ್ದಿ ಯಾಕ?”

“ರಾತ್ರಿ ಮೂರಕ್ಕ ಎಚ್ಚರ ಆತದೇನು, ಎದ್ದು ಏನ್ ಮಾಡ್ತಿ? ಇದನ್ನ ಕೇಳ್ಲಾಕ ಯಾರಿಗೂ ನಾಚಿಕಿ ಇಲ್ಲ. ಹೇಳ್ಲಾಕೂ ಇಲ್ಲ.”

“ಸಾಯೋ ವಿಚಾರ ಬರ್ತದೇನು ಅಂತ ನೇರ ಕೇಳ್ಬಾರದೇನು?”

“ಮೊದಲು ನಾ ಅಂಜ್ತಿದ್ದೆ. ಕೇಳಿದ್ರ ಇಲ್ಲದ್ದು ತಲ್ಯಾಗ ಹಾಕ್ದಾಂಗ ಆತದ ಅಂತ. ಟ್ರೇನಿಂಗಿನಾಗ ಡಾಕ್ಟರ್ ಹೇಳಿದ್ರು, ಹಂಗೇನಿಲ್ಲ, ಕೇಳ್ರಿ ಅಂತ. ಈಗ ಕೇಳ್ತೀನಿ. ಹೂಂ ಅಂದ್ರ ಹೊಲದ ಎಣ್ಣಿ ಮನ್ಯಾಗಿಂದ ತೆಗಿಸಿ ಬ್ಯಾರೆಯವ್ರ ಮನ್ಯಾಗ ಕೀಲಿ ಹಾಕಸ್ತೀನಿ. ರಾತ್ರಿ ಒಬ್ರು ಸಂಗಟ ಮಲಗಬೇಕು ಅಂತ ಹೇಳ್ತೀನಿ. ಆಮ್ಯಾಗ ದವಾಖಾನಿ.”

ಎಣ್ಣೆಯ, ಅಂದರೆ ಕೀಟನಾಶಕದ, ಡಬ್ಬಿಯನ್ನು ದೂರ ಇಡಿಸುವುದು ಸಣ್ಣ ಉಪಾಯದಂತೆ ಕಾಣಬಹುದು. ಶ್ರೀಲಂಕಾ ಅದನ್ನೇ ದೇಶದ ಮಟ್ಟದಲ್ಲಿ ಮಾಡಿತು. ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ 1995ರಿಂದ ಇಪ್ಪತ್ತು ವರ್ಷದಲ್ಲಿ ಸುಮಾರು ಶೇ. 70ರಷ್ಟು ಇಳಿಯಿತು. ಕೆಟ್ಟ ಗಳಿಗೆ ಬಹಳ ಸಲ ಬರೀ ಗಳಿಗೆಯೇ. ಆ ಹೊತ್ತಿಗೆ ಕೈಗೆ ಸಿಗದಿದ್ದರೆ ಅದು ದಾಟಿಹೋಗುತ್ತದೆ.

ಇನ್ನೊಂದು ತೊಡಕು ಪೊಲೀಸರದು. ಬದುಕಿ ಉಳಿದವನ ಮೇಲೆ ಕೇಸು ಬೀಳುತ್ತದೆಂದು ಮನೆಯವರು ದವಾಖಾನೆಗೆ ಒಯ್ಯಲು ಹೆದರುತ್ತಿದ್ದ ಕಾಲವಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಅಂಥವನು ತೀವ್ರ ಒತ್ತಡದಲ್ಲಿದ್ದ ಎಂದೇ ಎಣಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡುವುದು ಸರಕಾರದ ಹೊಣೆ ಎಂದಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಗೆ ಯತ್ನಿಸಿದವರನ್ನು ಶಿಕ್ಷಿಸುತ್ತಿದ್ದ ಹಳೆಯ 309ನೇ ಕಲಮು ಇಲ್ಲ. ಹೆದರಿಕೆ ಮಾತ್ರ ಇನ್ನೂ ಇದೆ. ಹಿರಿಯಾಕೆ ಈ ವಿಷಯವನ್ನು ಕಟ್ಟೆಯ ಮೇಲೆ, ಯಾವ ಮನೆಯನ್ನೂ ಹೆಸರಿಸದೆ, ಎಲ್ಲರ ಕಿವಿಗೂ ಬೀಳುವಂತೆ ಆಗಾಗ ಹೇಳುತ್ತಿರುತ್ತಾಳೆ.

“‘ಖಿನ್ನತೆ’ ಅಂತ ಬರದ್ರ ಯಾರಿಗೂ ತಿಳಿಯಂಗಿಲ್ಲ ನೋಡು. ‘ಭಾಳ ವಿಚಾರ ಮಾಡ್ಲಕತ್ತಾನ’ ಅನ್ನು. ತಿಳೀತದ.”

ಕಿರಿಯಾಕೆಗೆ ಇಲ್ಲಿ ಓದಿದ್ದು ನೆನಪಾಯಿತು. ಜಿಂಬಾಬ್ವೆಯ ಶೋನಾ ಭಾಷೆಯವರೂ ಅದನ್ನೇ ಹೇಳುತ್ತಾರೆ; ಅವರ ‘ಕುಫುಂಗಿಸಿಸ’ ಎಂದರೆ ವಿಪರೀತ ವಿಚಾರ ಮಾಡುವುದು. ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಲ್ಲಿ ಹರಾರೆಯಲ್ಲಿ ಹದಿನಾಲ್ಕು ಅಜ್ಜಿಯರಿಗೆ ತರಬೇತಿ ಕೊಟ್ಟು ಕ್ಲಿನಿಕ್ಕಿನ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ‘ಗೆಳೆತನದ ಬೆಂಚು’ ಎಂದು ಹೆಸರು. ಹತ್ತು ವರ್ಷದ ನಂತರ ಪ್ರಕಟವಾದ ಪರೀಕ್ಷೆಯ ವರದಿಯಲ್ಲಿ, ಅಜ್ಜಿಯರ ಬಳಿ ಕೂತು ಹೋದವರು ಮಾಮೂಲಿ ಆರೈಕೆ ಪಡೆದವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದು ಕಂಡಿತು.

“ಅಂದ್ರ ಕಟ್ಟಿ,” ಅಂದಳು ಹಿರಿಯಾಕೆ.

“ಕಟ್ಟೀನೇ ಅನ್ರಿ.”

“ನಮ್ಮ ಕಟ್ಟಿ ಮ್ಯಾಗ ಗಂಡಸರು ಕೂಡ್ತಾರ. ಹೆಂಗಸರು ಎಲ್ಲಿ ಕೂಡಬೇಕು?”

ಜಿಂಬಾಬ್ವೆಯವರಿಗೂ ಈ ಪ್ರಶ್ನೆ ಕೇಳಬೇಕಾದ್ದೇ. ಸದ್ಯಕ್ಕೆ ಮುಡಬಿಯ ಉತ್ತರ, ಅಂಗನವಾಡಿಯ ಜಗಲಿ.

ಅಷ್ಟು ದೂರ ಹೋಗದೆ ಕರ್ನಾಟಕದೊಳಗೇ ಇದಕ್ಕೊಂದು ಹಳೆಯ ಉದಾಹರಣೆಯಿದೆ. ಬೆಂಗಳೂರಿನ ನಿಮ್ಹಾನ್ಸ್ 1985ರಿಂದ ಐದು ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿತು. ಹುಚ್ಚಾಸ್ಪತ್ರೆಗೆ ಜನ ಬರಲಿ ಎಂದು ಕಾಯದೆ ಜನರಿದ್ದಲ್ಲಿಗೆ ಹೋಗುವ ಪ್ರಯೋಗ ಅದು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾಯಿತು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದರ ಮೇಲೆ ಕಟ್ಟಿದ್ದು. ಆ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮುದಾಯ ನರ್ಸು ಇವರ ಜತೆಗೆ ಮನೋಸಾಮಾಜಿಕ ಕಾರ್ಯಕರ್ತರ ಹುದ್ದೆಯೂ ಇದೆ. ಕಿರಿಯಾಕೆ ಓದಿನ ದಿನಗಳಲ್ಲಿ ಕನಸು ಕಂಡದ್ದು ಆ ಕುರ್ಚಿಯನ್ನು. ಅದಕ್ಕೆ ನಿಮ್ಹಾನ್ಸಿನಂಥ ಕಡೆ ಎಂ.ಫಿಲ್. ಬೇಕಿತ್ತು. ಜಿಲ್ಲೆಗೆ ಇಂಥ ಕುರ್ಚಿ ಒಂದೋ ಎರಡೋ.

“ಮತ್ತ ಫೋನ್ ನಂಬರ್ ಅವಲ್ರಿ. 14416. ಟೆಲಿ ಮಾನಸ್. ಕನ್ನಡದಾಗೂ ಮಾತಾಡ್ತಾರ, ರಾತ್ರಿ-ಹಗಲಿ.”

“ಗೋಡಿ ಮ್ಯಾಗ ನಾನೇ ಬರಸೀನಿ. ಮೊದಲ ಸಲ ಯಾರೂ ಒಬ್ರೇ ಹಚ್ಚಲ್ಲ. ನಾ ಸಂಗಟ ಕುಂತು, ನನ್ನ ಫೋನಿಂದ ಹಚ್ಚಿ ಕೊಡಬೇಕು. ಎರಡನೇ ಸಲ ಅವರೇ ಹಚ್ತಾರ.”

ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಶುರುವಾದದ್ದು 2022ರ ಅಕ್ಟೋಬರ್ 10ರಂದು. 108 ಆಂಬುಲೆನ್ಸ್ ಕರ್ನಾಟಕಕ್ಕೆ ಬಂದದ್ದು 2008ರ ರಾಜ್ಯೋತ್ಸವದ ದಿನ. ಮಕ್ಕಳ ಸಹಾಯವಾಣಿ 1098 ಇವೆಲ್ಲಕ್ಕಿಂತ ಹಿರಿಯದು. ಜೆರೂ ಬಿಲಿಮೋರಿಯಾ ಮುಂಬಯಿಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ 1996ರಲ್ಲಿ ಆರಂಭಿಸಿದ್ದು. ಎಷ್ಟೋ ವರ್ಷ ಸ್ವಯಂಸೇವಾ ಸಂಸ್ಥೆಗಳ ಹುಡುಗ-ಹುಡುಗಿಯರು ಬೈಕು ಹತ್ತಿ ಹಳ್ಳಿಗಳಿಗೆ ಓಡಿದರು. 2023ರಲ್ಲಿ ಆ ಸೇವೆ ಸರಕಾರದ ಕೈಗೆ ಹೋಗಿ ತುರ್ತು ಕರೆಯ 112ರ ಜತೆ ಜೋಡಣೆಯಾಯಿತು. ನಂಬರು ಅದೇ ಉಳಿಯಿತು. ನಂಬರಿಗೆ ಓಗೊಟ್ಟು ಬಾಗಿಲಿಗೆ ಬರುವ ಮುಖಗಳು ಗುತ್ತಿಗೆ ಬದಲಾದ ಹಾಗೆ ಬದಲಾಗುತ್ತವೆ. ಊರಿನವರಿಗೆ ನಂಬರಿಗಿಂತ ಮುಖ ಮುಖ್ಯ ಎಂಬುದು ಹಿರಿಯಾಕೆಯ ದೊಡ್ಡ ತಕರಾರು.

ಆಕೆ ಈ ಕೆಲಸವನ್ನು ಮೊದಲು ಕಂಡದ್ದು ಕರ್ನಾಟಕದಲ್ಲಿ ಅಲ್ಲ. ತವರು ಗಡಿಯಾಚೆ, ಮಹಾರಾಷ್ಟ್ರದ ಉಮರ್ಗಾ ಕಡೆ. 1993ರ ಸೆಪ್ಟೆಂಬರ್ 30ರ ನಸುಕಿನ ನಾಲ್ಕಕ್ಕೆ ಹತ್ತಿರ, ಗಣಪತಿ ಕಳಿಸಿ ಬಂದು ಮಲಗಿದ ರಾತ್ರಿ, ಕಿಲ್ಲಾರಿಯ ಭೂಕಂಪ. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆಗಳಡಿ ಸತ್ತವರು 10 ಸಾವಿರದ ಸಮೀಪ. ಬಸವಕಲ್ಯಾಣ, ಆಳಂದದ ಕಡೆಗೂ ಭೂಮಿ ನಡುಗಿತ್ತು.

“ನಂಗಾಗ ಹದಿನೆಂಟು. ಅಕ್ಕಿ, ಕಂಬಳಿ, ಡಬ್ಬಿ ಎಲ್ಲಾ ಬಂತು. ಮಂತ್ರಿಗಳು ಬಂದ್ರು, ಫೋಟೊದವ್ರು ಬಂದ್ರು. ಮೂರು ತಿಂಗಳಿಗಿ ಎಲ್ಲಾರೂ ಹೋದ್ರು. ಆಮ್ಯಾಗ ಊರಾಗಿನ ಹೆಂಗಸರೇ ಬುಕ್ ಹಿಡಕೊಂಡು ಮನಿಮನಿ ತಿರುಗ್ಲಾಕ ಹತ್ತಿದ್ರು. ‘ಸಂವಾದ ಸಹಾಯಕ’ ಅಂತಿದ್ರು ಅವ್ರಿಗಿ. ಮಾತಾಡೂದೂ ಒಂದು ಕೆಲಸ ಅಂತ ನಂಗ ಅವತ್ತೇ ಗೊತ್ತಾಗಿದ್ದು.”

ಬಿರುಕುಬಿಟ್ಟ ಮನೆಗಳ ದುರಸ್ತಿಗೆ ಸರಕಾರದ ಯೋಜನೆ ಬಂದಾಗ ಎಂಜಿನಿಯರುಗಳಿಗೂ ಮನೆಯವರಿಗೂ ನಡುವೆ ನಿಲ್ಲಲು ಹಳ್ಳಿಯ ಹೆಂಗಸರನ್ನು ಹೀಗೆ ಆರಿಸಿದರು. ಪ್ರೇಮಾ ಗೋಪಾಲನ್ ಮತ್ತು ಸಂಗಡಿಗರ ‘ಸ್ವಯಂ ಶಿಕ್ಷಣ ಪ್ರಯೋಗ’ ಇದನ್ನು ಊರೂರಿಗೆ ಹಬ್ಬಿಸಿತು. ಆಪತ್ತಿನ ಕೆಲಸ ಮೂರು ತಿಂಗಳಿಗೆ ಮುಗಿಯುವುದಲ್ಲ, ಫೋಟೊದವರು ಹೋದ ಮೇಲೆ ಶುರುವಾಗುವುದು ಎಂದು ಇಲ್ಲಿನವರಿಗೆ ಪುಸ್ತಕ ಹೇಳಿಕೊಡಬೇಕಾಗಿಲ್ಲ.

ತವರಿನ ಮರಾಠಿ ಆಕೆಗೆ ಇಲ್ಲಿ ಬಂಡವಾಳವಾಯಿತು. ಮುಡಬಿಯ ಸುತ್ತಲಿನ ಮನೆಗಳಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ಲಂಬಾಣಿ ನಾಲ್ಕೂ ಓಡಾಡುತ್ತವೆ. ಕಾಗದ ಕನ್ನಡದಲ್ಲಿ, ಔಷಧದ ಚೀಟಿ ಇಂಗ್ಲಿಷಿನಲ್ಲಿ, ಅಳು ಮನೆಮಾತಿನಲ್ಲಿ.

“ನಿಂಗ ಲಂಬಾಣಿ ಬರ್ತದೇನು?”

“ಸ್ವಲ್ಪ ತಿಳೀತದ್ರಿ.”

“ಕಲಿ. ತಾಂಡಾದಾಗ ಲಗ್ನ ನಿಂದರಸ್ಲಾಕ ಹೋದ್ರ, ಅವರು ತಮ್ತಮ್ಮೊಳಗ ಏನಂತಾರ ಅಂಬೂದು ತಿಳೀಬೇಕು. ಇಲ್ಲಂದ್ರ ನಿನ್ನ ಮುಂದ ಹೂಂ ಅಂದು ರಾತ್ರೋರಾತ್ರಿ ಬ್ಯಾರೆ ಊರಾಗ ಮುಗಸ್ತಾರ.”

ಬಾಲ್ಯವಿವಾಹ ತಡೆಯುವ ಕಾನೂನು ಕರ್ನಾಟಕದಲ್ಲಿ ಕೇಂದ್ರದ್ದಕ್ಕಿಂತ ಬಿಗಿ. 2006ರ ಕೇಂದ್ರ ಕಾಯ್ದೆಯ ಪ್ರಕಾರ ಇಂಥ ಮದುವೆಯನ್ನು ಹುಡುಗಿ ಬಯಸಿದರೆ ರದ್ದು ಮಾಡಿಸಬಹುದು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿಯ ಶಿಫಾರಸಿನ ನಂತರ ರಾಜ್ಯ ತಂದ ತಿದ್ದುಪಡಿ, ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿತು. ದೂರಿಗೆ ಕಾಯದೆ ಪೊಲೀಸರು ತಾವಾಗಿ ಕ್ರಮ ಕೈಗೊಳ್ಳಬಹುದು. ಬರಹದಲ್ಲಿ ಇಷ್ಟು ಗಟ್ಟಿ. ಮಂಟಪದಲ್ಲಿ ನಿಂತಾಗ ಏನಾಗುತ್ತದೆ?

ಹಿರಿಯಾಕೆ ಹೇಳಿದ್ದು ಒಂದೇ ಪ್ರಸಂಗ. ಊರಿನ ಹೆಸರು ಹೇಳಲಿಲ್ಲ. ಹುಡುಗಿ ಒಂಬತ್ತನೇ ಇಯತ್ತೆ, ಅಪ್ಪ-ಅವ್ವ ಕಬ್ಬು ಕಡಿಯಲು ಆರು ತಿಂಗಳು ಮಹಾರಾಷ್ಟ್ರಕ್ಕೆ ಹೋಗುವವರು. ಬೆಳೆದ ಹುಡುಗಿಯನ್ನು ಒಬ್ಬಳನ್ನೇ ಬಿಟ್ಟುಹೋಗಲಾರದೆ ಮದುವೆ ಗೊತ್ತುಮಾಡಿದ್ದರು. ಅಧಿಕಾರಿಗಳು, ಪೊಲೀಸರು ಬಂದರು, ಮುಚ್ಚಳಿಕೆ ಬರೆಸಿಕೊಂಡರು, ಹೋದರು. ‘ಮದುವೆ ತಡೆಯಲಾಯಿತು’ ಎಂಬ ಕಾಲಂ ತುಂಬಿತು. ಹುಡುಗಿ ಮುಂದಿನ ಆರು ತಿಂಗಳು ಎಲ್ಲಿ ಮಲಗಬೇಕು ಎಂಬುದು ಹಾಗೇ ಉಳಿಯಿತು. ಹಾಸ್ಟೆಲ್ಲಿನ ಸೀಟಿಗೆ ಆಕೆ ಹನ್ನೊಂದು ಸಲ ಬಸವಕಲ್ಯಾಣಕ್ಕೆ ಓಡಾಡಿದಳು.

“ಹನ್ನೊಂದು ಸಲ ಯಾಕ್ರಿ?”

“ಜಾತಿ ಸರ್ಟಿಫಿಕೇಟ್. ಆಮ್ಯಾಗ ಆದಾಯದ್ದು. ಆಮ್ಯಾಗ ಆಧಾರಿನಾಗ ಹೆಸರು ತಪ್ಪು. ಆಮ್ಯಾಗ ಸಾಹೇಬ್ರು ಮೀಟಿಂಗ್. ಆಗ ಶಕ್ತಿ ಬಸ್ಸಿದ್ದಿಲ್ಲ, ಟಿಕೀಟಿನ ರೊಕ್ಕಾ ನನ್ನ ಕೈಯಾಗಿಂದೇ.”

2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ. ಶಕ್ತಿ ಯೋಜನೆಯ ಗುಣ-ದೋಷದ ಚರ್ಚೆಗಳಲ್ಲಿ ಹೆಚ್ಚಾಗಿ ಕೇಳಿಬರದ ಒಂದು ಲಾಭವೆಂದರೆ, ಇಂಥ ಹೆಂಗಸರ ಓಡಾಟದ ಖರ್ಚು ಒಂದೇ ದಿನಕ್ಕೆ ಇಳಿದದ್ದು. ತಾಂಡಾಗಳಿಗೆ ಬಸ್ಸೇ ಇಲ್ಲ ಎಂಬುದು ಬೇರೆ ಮಾತು.

“ಆ ಮನ್ಯಾಗ ನಿಮ್ಮ ಮ್ಯಾಗ ಸಿಟ್ಟಿಗೇಳಲಿಲ್ಲೇನು?”

“ಎರಡು ವರ್ಷ ಮಾತು ಬಿಟ್ರು. ಅವರ ಗಲ್ಲ್ಯಾಗ ನಾಯಿ ಛೂ ಬಿಟ್ರು. ಅದಕ ಹೇಳ್ತೀನಿ, ಒಬ್ಬಾಕೇ ಹೋಗಬ್ಯಾಡ. ಯಾವತ್ತೂ ಹೋಗಬ್ಯಾಡ. ಜೋಡಿ ಇಲ್ದ ನೌಕರಿ ಮಾಡಬ್ಯಾಡ.”

ಜೋಡಿಯ ಮಾತು ಬಂದಾಗ ಕಿರಿಯಾಕೆ ಮತ್ತೊಂದು ಊರಿನ ಕತೆ ತೆಗೆದಳು. ಅಮೆರಿಕದ ಆರೆಗಾನ್ ರಾಜ್ಯದ ಯೂಜೀನ್ ಪಟ್ಟಣದಲ್ಲಿ 1989ರಿಂದ ‘ಕಹೂಟ್ಸ್’ ಎಂಬ ಗಾಡಿ ಓಡುತ್ತಿತ್ತು. ರಸ್ತೆಯಲ್ಲಿ ಯಾರಿಗೋ ತಲೆ ಕೆಟ್ಟಿದೆ, ಯಾರೋ ಸಾಯುತ್ತೇನೆ ಎನ್ನುತ್ತಿದ್ದಾರೆ ಎಂದು ಕರೆ ಬಂದರೆ ಪೊಲೀಸರ ಬದಲು ಇಬ್ಬರು ಹೋಗುತ್ತಿದ್ದರು. ಒಬ್ಬರು ವೈದ್ಯಕೀಯ ಬಲ್ಲವರು, ಒಬ್ಬರು ಸಂಕಟದ ಮಾತು ಬಲ್ಲವರು; ಕೈಯಲ್ಲಿ ಆಯುಧವಿಲ್ಲ. ಬೇರೆ ಬೇರೆ ನಗರಗಳು ನೋಡಿ ಕಲಿತವು. 2025ರ ಏಪ್ರಿಲ್‌ನಲ್ಲಿ, ಹಣವಿಲ್ಲದೆ, ಯೂಜೀನ್‌ನಲ್ಲೇ ಅದು ನಿಂತಿತು.

“ಮೂವತ್ತೈದು ವರ್ಷ ನಡಿಸಿ ನಿಂತಿತು?”

“ಹೌದ್ರಿ.”

“ಅಲ್ಲೀನೂ ಗೌರವಧನ ಇತ್ತೇನು?”

ಇಬ್ಬರೂ ನಕ್ಕರು. ‘ಗೌರವಧನ’ ಎಂಬ ಪದ ಈ ಕಸುಬಿನ ಒಳಗಿನವರಿಗೆ ಮಾತ್ರ ತಿಳಿಯುವ ಹಾಸ್ಯ. ಆಶಾಗೂ ಅಂಗನವಾಡಿ ಕಾರ್ಯಕರ್ತೆಗೂ ಸಿಗುವುದು ಪಗಾರ ಅಲ್ಲ, ಗೌರವಧನ. ಕಾಗದದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆಲ್ಲ ಸೇರಿಸಿ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅವರೇ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು-ರಾತ್ರಿ ಕೂತು, 15 ಸಾವಿರ ಕೇಳಿ, ತಿಂಗಳಿಗೆ 10 ಸಾವಿರ ಖಾತ್ರಿ ಎಂಬ ಭರವಸೆ ಪಡೆದು ಎದ್ದರು. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿತು. ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಅಷ್ಟು ಹೇಳಿಸಿಕೊಳ್ಳಲು ನಲವತ್ತಾರು ವರ್ಷ ಬೇಕಾಯಿತು.

ಸೇವೆಯವರಿಗೆ ಸಂಬಳದ ಮಾತು ಯಾಕೆ ಎಂದು ಕೇಳುವವರು ಈ ಸೀಮೆಯಲ್ಲಿ ತಕ್ಷಣ ಕಾಯಕದ ಹೆಸರೆತ್ತುತ್ತಾರೆ. ಶರಣೆ ಆಯ್ದಕ್ಕಿ ಲಕ್ಕಮ್ಮನ ಕತೆಯನ್ನೂ ಹೇಳುತ್ತಾರೆ. ಗಂಡ ಮಾರಯ್ಯ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ತಿರುಗಿ ಸುರಿದು ಬರಲು ಕಳಿಸಿದ ಲಕ್ಕಮ್ಮ. ಹೆಚ್ಚಿನದ್ದು ಬೇಡ ಎಂದಳು, ಸರಿ. ದಿನದ ಅಕ್ಕಿಯೂ ಬೇಡ ಎನ್ನಲಿಲ್ಲ. ಈ ಅರ್ಧವನ್ನು ವೇದಿಕೆಯ ಮೇಲಿನ ಭಾಷಣಗಳು ಬಿಟ್ಟುಬಿಡುತ್ತವೆ.

“ಮೌಶಿ, ನೀವ್ಯಾಕ ಬಿಡಲಿಲ್ಲ?”

ಹಿರಿಯಾಕೆ ಪಾಕೀಟುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತಿದ್ದಳು. ಉತ್ತರ ಬೇಗ ಬರಲಿಲ್ಲ.

“ಕೋವಿಡ್ ಬಂದಾಗ ಬಿಡಬೇಕಂತ ಮಾಡಿದ್ದೆ.”

ದೇಶದ ಮೊದಲ ಕೋವಿಡ್ ಸಾವು ಆದದ್ದು ಪಕ್ಕದ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಎರಡು ತಿಂಗಳಲ್ಲಿ ಮುಂಬಯಿ, ಪುಣೆಗಳಿಗೆ ದುಡಿಯಲು ಹೋದವರೆಲ್ಲ ಗಡಿ ದಾಟಿ ವಾಪಸು ಬಂದರು. ಶಾಲೆಗಳೇ ಕ್ವಾರಂಟೈನ್ ಆದವು. ಮನೆಮನೆಗೆ ಹೋಗಿ ಜ್ವರ ಬರೆದುಕೊಳ್ಳುವ ಕೆಲಸ ಆಶಾಗಳದ್ದು. ಯಾರು ಹೊರಗಿನಿಂದ ಬಂದರು ಎಂದು ಬರೆದುಕೊಂಡವಳೇ ಹಿಡಿದುಕೊಟ್ಟವಳು ಎಂದಾಯಿತು. ಹತ್ತು ವರ್ಷ ನೀರು ಕೊಟ್ಟ ಮನೆಗಳು ಬಾಗಿಲು ಹಾಕಿದವು.

“ಆಮ್ಯಾಗ?”

“ಒಂದಿನ ಒಬ್ಬ ಮುದುಕಿ ಅಂಗಳದಾಗ ತಂಬಗಿ ಇಟ್ಟು ಒಳಗ ಹೋಗಿ ಕದಾ ಮುಚ್ಚಿಕೊಂಡಳು. ಕಿಟಕ್ಯಾಗ ನಿಂತು ನೋಡ್ಲಕತ್ತಿದ್ದಳು, ಕುಡೀತೀನೋ ಇಲ್ಲೋ ಅಂತ. ಕುಡದೆ. ತಂಬಗಿ ತೊಳದು ಬೋರಲ ಹಾಕಿದೆ. ಮರುದಿನಾನೂ ಇಟ್ಟಿದ್ದಳು.”

ಅವಳಿಗೆ ಬೇರೆ ಕಾರಣ ಹೇಳಲು ಬರಲಿಲ್ಲ, ಅಥವಾ ಹೇಳುವ ಮನಸ್ಸಿರಲಿಲ್ಲ. ರಾತ್ರಿ ನಿದ್ದೆ ಬರದ ದಿನಗಳಲ್ಲಿ ಆಕೆಯನ್ನು ಎತ್ತಿನ ಮಾತಿನಿಂದ ಶುರುಮಾಡಿ ಕೇಳುವವರು ಯಾರೂ ಇಲ್ಲ ಎಂಬುದು ಮಾತ್ರ ನಡುವೆ ಒಂದು ಸಲ ಬಾಯಿಗೆ ಬಂತು. ಈ ಕಸುಬಿನವರಿಗೆ ವಾರಕ್ಕೊಮ್ಮೆ ಮೇಲಿನವರೊಬ್ಬರು ಕೂರಿಸಿಕೊಂಡು ಮಾತಾಡಿಸಬೇಕು ಎಂದು ಪಠ್ಯಪುಸ್ತಕದಲ್ಲಿ ಒಂದಿಡೀ ಅಧ್ಯಾಯವಿದೆ. ತಿಂಗಳ ಸಭೆಯಲ್ಲಿ ಕೇಳುವುದು ಗುರಿ ಎಷ್ಟು ಮುಟ್ಟಿತು ಎಂದು.

ಕಿರಿಯಾಕೆಯ ಓದು ಹಾಳಲ್ಲ. 2021ರ ಒಂದು ಕೇಂದ್ರ ಕಾಯ್ದೆ ವೈದ್ಯಕೀಯ ಮತ್ತು ಮನೋಸಾಮಾಜಿಕ ಕಾರ್ಯಕರ್ತರನ್ನು ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಸಖಿ ಕೇಂದ್ರ, ತಾಲೂಕಿನ ಸಾಂತ್ವನ ಕೇಂದ್ರ, ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಎಲ್ಲ ಸೇರಿಸಿದರೆ ಬಸವಕಲ್ಯಾಣ-ಹುಮನಾಬಾದ್ ಸೀಮೆಯಲ್ಲೇ ಈ ಬಗೆಯ ಕೆಲಸಗಳು ಹಲವಿವೆ. ಬಹುಪಾಲು ಗುತ್ತಿಗೆಯವು. ಒಂದರಿಂದ ಇನ್ನೊಂದಕ್ಕೆ ಹಾರುತ್ತ ಹತ್ತು ವರ್ಷ ಕಳೆದವರು ಇದ್ದಾರೆ. ಅವರ ಅನುಭವಕ್ಕೆ ಸರ್ಟಿಫಿಕೇಟ್ ಬರೆದುಕೊಡಬೇಕಾದ ಸಂಸ್ಥೆ ಅಷ್ಟರಲ್ಲಿ ಮುಚ್ಚಿರುತ್ತದೆ.

“ಹಂಗಾದ್ರ ಹೋಗಬ್ಯಾಡ ಅಂತೀರೇನು?”

“ಹಂಗಲ್ಲ. ಹೋಗು. ಹೋಗಿ ಕೂಡೂಕ ಮೊದಲು ಕೇಳು. ಬರಕೋ.”

ಪೆನ್ನು ಸಿಕ್ಕಿತ್ತು, ಛತ್ರಿಯ ಮಡಿಕೆಯಲ್ಲಿತ್ತು. ಕಿರಿಯಾಕೆ ಪ್ಲಾಸ್ಟಿಕ್ಕಿನಿಂದ ಕಾಗದ ತೆಗೆದು ಬೆನ್ನಿಗೆ ಬರೆದುಕೊಂಡಳು.

“ಒಂದು, ಜೋಡಿ ಯಾರು? ಎರಡು, ರಾತ್ರಿ ಫೋನ್ ಬಂದ್ರ ನಾ ಯಾರಿಗಿ ಹಚ್ಚಬೇಕು, ಅವ್ರು ಎತ್ತತಾರೋ ಇಲ್ಲೋ? ಮೂರು, ಏನೂ ಆಗದಿದ್ದ ಮನಿಗಿ ಹೋದ್ರ ಅದನ್ನ ಎಲ್ಲಿ ಬರೀಬೇಕು?”

“ಮೂರನೇದ್ದಕ್ಕ ನಗ್ತಾರ್ರಿ.”

“ನಗಲಿ. ಕೇಳಿದ್ದು ನೆನಪಿರ್ತದ.”

ಬಸವಕಲ್ಯಾಣದ ಬಸ್ಸು ತಿರುವಿನಲ್ಲಿ ಕಂಡಿತು. ಕಿರಿಯಾಕೆ ಎದ್ದಳು. ಹಿರಿಯಾಕೆ ಅವಳ ಕಾಲು ನೋಡಿದಳು: ತೆಳ್ಳನೆ ಪಟ್ಟಿಯ, ಹಿಮ್ಮಡಿ ಬಿಟ್ಟ ಚಪ್ಪಲಿ.

“ಇವು ನಡಿಯಂಗಿಲ್ಲ. ಎರಿ ಮಣ್ಣಿನಾಗ ಚಪ್ಪಲ್ ಅಲ್ಲೇ ಉಳೀತದ, ನೀ ಬರೀ ಕಾಲಿಲೆ ಮುಂದ ಹೋಗ್ತಿ. ಬೂಟ್ ತಗೋ.”

“ಮೊದಲ ಪಗಾರ ಮೂರು ತಿಂಗಳಿಗಿ ಬರ್ತದಂತ್ರಿ. ಬೂಟಿಗಿ ರೊಕ್ಕಾ ಯಾರು ಕೊಡ್ತಾರ?”

“ಅದನ್ನ ನಾಕನೇದ್ದು ಬರಕೋ.”